ಬಾರದ ಬೀಗರಿಗೆ ಎಸರು

ಹಬ್ಬಕ್ಕೆಂದು ಕಾಗಿನೆಲೆಗೆ ಬಂದರೂ ಕೆಲಸವು ನನ್ನನ್ನು ಬಿಡಲಿಲ್ಲ. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರನ್ನು ತಿದ್ದುವುದು ನನ್ನ ವೃತ್ತಿ. ಮತ್ತೆ ಮತ್ತೆ ತಿರುಗುವ ಲೂಪಿನಲ್ಲಿ ಬದಲಾಗದ ಲೆಕ್ಕವಿದ್ದರೆ ಅದನ್ನು ಹೊರತೆಗೆದು, ಮೊದಲೇ ಒಮ್ಮೆ ಮಾಡಿಡುವುದು ಅದರ ಜಾಣ್ಮೆ. 1957ರಲ್ಲಿ ಜಾನ್ ಬ್ಯಾಕಸರ ತಂಡವು ಹೊರತಂದ ಫೋರ್ಟ್ರಾನ್ ಕಂಪೈಲರಿನ ಕಾಲದಿಂದಲೂ ಲೂಪಿನ ವೇಗವು ಈ ವಿದ್ಯೆಯ ದೊಡ್ಡ ಚಿಂತೆ.

ನಾನು ಬರೆದ ಭಾಗವು ಒಂದು ಭಾಗಾಕಾರವನ್ನು ಹಾಗೆ ಹೊರತಂದಿತ್ತು. ಭಾಜಕವು ಸೊನ್ನೆಯಾದಾಗ ಲೂಪು ಒಮ್ಮೆಯೂ ತಿರುಗುತ್ತಿರಲಿಲ್ಲ. ಆದರೂ ಬೇಡದ ಭಾಗಾಕಾರವು ನಡೆದು ಪ್ರೋಗ್ರಾಮು ನಿಂತುಹೋಗುತ್ತಿತ್ತು. ತಪ್ಪು ನನ್ನದು, ಪೆಟ್ಟು ಸರಿಯಾಗಿ ಬರೆದವರಿಗೆ.

ಅಡಿಗೆಮನೆಯಲ್ಲಿ ಅವ್ವ ಅತ್ತಿಗೆಗೆ, “ಬೀಗರು ಬರೂದು ಖಾತ್ರಿ ಆಗೂ ಮೊದಲ ಎಸರು ಯಾಕ ಇಟ್ಟೀಯವಾ?” ಎಂದಳು. ನನಗೆ ದಾರಿ ಹೊಳೆಯಿತು. ಲೂಪಿನೊಳಗೆ ನಡೆದೇ ತೀರುವುದೆಂದು ನಿಶ್ಚಯವಾಗದ ಭಾಗಾಕಾರವನ್ನು ಕದಲಿಸಕೂಡದೆಂಬ ಷರತ್ತನ್ನು ಸೇರಿಸಿದೆನು. ದೋಷವು ತೀರಿತು. ಬೀಗರು ಮರುದಿನ ಬಂದರು.