ಎಪ್ಪತ್ತೆರಡು ಗಂಟೆಯ ಚೆಕ್ಕು

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಬಿ.ಕಾಂ. ಮುಗಿಸಿ ಶಿವಮೊಗ್ಗದ ಶಾಖೆಯಲ್ಲಿ ಕೌಂಟರಿನ ಹಿಂದೆ ಕುಳಿತ ಮೊದಲ ದಿನವೇ ಹೆಡ್ ಕ್ಲರ್ಕ್ ಒಂದು ಪಾಠ ಹೇಳಿಕೊಟ್ಟಿದ್ದರು. "ಚೆಕ್ಕು ಕೈಗೆ ಬಂದರೆ ಮೊತ್ತ ಆಮೇಲೆ ನೋಡು. ಮೊದಲು ತಾರೀಕು ನೋಡು, ಹೆಸರು ನೋಡು, ಸಹಿ ನೋಡು." ಮಕ್ಕಳೇ, ನೀವೆಲ್ಲ ಫೋನಿನಲ್ಲೇ ಹಣ ಕಳಿಸುವ ಕಾಲದವರು. ಚೆಕ್ಕಿಗೂ ಆಯುಸ್ಸು ಇದೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ನಾನು ಕೆಲಸದಲ್ಲಿದ್ದಾಗ ಅದು 6 ತಿಂಗಳು ಇತ್ತು. 2012ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ಅದನ್ನು 3 ತಿಂಗಳಿಗೆ ಇಳಿಸಿತು. ಆ ಅವಧಿ ದಾಟಿದರೆ ಎಂಥ ಶ್ರೀಮಂತನ ಚೆಕ್ಕಾದರೂ ಬರೀ ಕಾಗದ.

ಬರೀ 72 ಗಂಟೆ ಬದುಕುವ ಚೆಕ್ಕನ್ನು ನಾನು ನೋಡಿದ್ದು ನಿವೃತ್ತನಾಗಿ ಹದಿಮೂರು ವರ್ಷವಾದ ಮೇಲೆ, ಅಮೆರಿಕದ ಸಿಯಾಟಲ್ ನಗರದಲ್ಲಿ.

2022ರ ಮೇ ತಿಂಗಳಲ್ಲಿ ನಾವಿಬ್ಬರೂ ಮಗಳ ಮನೆಗೆ ಹೋದೆವು. ವಿಮಾನ ಹತ್ತುವ ಹಿಂದಿನ ದಿನ ಬೆಂಗಳೂರಿನಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಕೋವಿಡ್ ಪರೀಕ್ಷೆ ಮಾಡಿಸಿದ್ದಾಗಿತ್ತು. ಆಗ ಅಮೆರಿಕಕ್ಕೆ ಹೋಗುವವರಿಗೆಲ್ಲ ಅದು ಕಡ್ಡಾಯ. ಜೂನ್ 12ಕ್ಕೆ ಆ ನಿಯಮ ಹೋಯಿತು. "ಸದ್ಯ, ಇನ್ನು ಮೂಗಿನ ಕಾಟ ತಪ್ಪಿತು" ಎಂದು ನನ್ನಾಕೆ ನಿಟ್ಟುಸಿರು ಬಿಟ್ಟಳು. ಆದರೆ ವಿಮಾನದ ನಿಯಮವೇ ಬೇರೆ, ಹಡಗಿನ ನಿಯಮವೇ ಬೇರೆ ಎಂಬುದು ನಮಗೆ ಗೊತ್ತಿರಲಿಲ್ಲ.

ಮಗಳು ಮತ್ತು ಅಳಿಯ ಸೇರಿ ಅಲಾಸ್ಕಾಕ್ಕೆ ಹೋಗುವ ಏಳು ರಾತ್ರಿಗಳ ಹಡಗಿನ ಪ್ರವಾಸ ಗೊತ್ತು ಮಾಡಿದ್ದರು. ಜೂನ್ 26, ಭಾನುವಾರ ಸಂಜೆ 4ಕ್ಕೆ ಹಡಗು ಹೊರಡುವುದಿತ್ತು. ಅದು ನನಗಿಂತ ಹೆಚ್ಚಾಗಿ ನನ್ನಾಕೆಗಾಗಿ. ಅವಳು ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಟೀಚರಾಗಿದ್ದವಳು. ಹಿಮನದಿ ಎಂದರೇನು ಎಂದು ವರ್ಷವರ್ಷವೂ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದವಳು. ಒಂದನ್ನೂ ಕಣ್ಣಾರೆ ನೋಡಿರಲಿಲ್ಲ. ಅದಕ್ಕೆಂದೇ ಊರಿನಿಂದ ಹೊರಡುವ ಮೊದಲು ತನಗೊಂದು, ನನಗೊಂದು ಸ್ವೆಟರ್ ಹೆಣೆದು ತಂದಿದ್ದಳು.

ಅಲಾಸ್ಕಾವೂ ಅಮೆರಿಕದ್ದೇ ರಾಜ್ಯ. ಆದರೂ ಸಿಯಾಟಲ್‌ನಿಂದ ಅಲ್ಲಿಗೆ ಹೋಗಿ ಬರುವ ಹಡಗು ನಡುವೆ ಕೆನಡಾದ ವಿಕ್ಟೋರಿಯಾ ಬಂದರಿನಲ್ಲಿ ನಿಲ್ಲುತ್ತದೆ. ಯಾಕೆಂದು ಕೇಳಿದರೆ ಅಳಿಯ ಹೇಳಿದ: ಬೇರೆ ದೇಶದ ಬಾವುಟದ ಹಡಗುಗಳು ಬರೀ ಅಮೆರಿಕದ ಬಂದರುಗಳ ನಡುವೆ ಪ್ರಯಾಣಿಕರನ್ನು ಸಾಗಿಸಬಾರದು ಎಂದು 1886ರ ಒಂದು ಕಾನೂನು ಇದೆಯಂತೆ. ಹೀಗಾಗಿ ನಮಗೆ ಕೆನಡಾದ ವೀಸಾ ಬೇಕು, 'ಅರೈವ್‌ಕ್ಯಾನ್' ಎಂಬ ಆ್ಯಪ್‌ನಲ್ಲಿ ವಿವರ ತುಂಬಬೇಕು, ಲಸಿಕೆಯ ಪ್ರಮಾಣಪತ್ರ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕೋವಿಡ್ ಇಲ್ಲವೆಂಬ ಪರೀಕ್ಷೆಯ ವರದಿ ಬೇಕು. ಪಿಸಿಆರ್ ಪರೀಕ್ಷೆಯಾದರೆ ಹಡಗು ಹತ್ತುವುದಕ್ಕೆ 72 ಗಂಟೆಗಳ ಒಳಗಿನದ್ದು. ಆಂಟಿಜೆನ್ ಪರೀಕ್ಷೆಯಾದರೆ ಅವಧಿ ಇನ್ನೂ ಕಡಿಮೆ. ಮನೆಯಲ್ಲಿ ನಾವೇ ಮಾಡಿಕೊಂಡದ್ದು ನಡೆಯುವುದಿಲ್ಲ.

"ಇಷ್ಟೊಂದು ಯಾಕಪ್ಪಾ?" ಎಂದು ಗೊಣಗಿದೆ. ಹತ್ತು ವರ್ಷದ ಮೊಮ್ಮಗಳು ಪುಟ್ಟಿ ಶಾಲೆಯಲ್ಲಿ ಓದಿದ್ದನ್ನು ಹೇಳಿದಳು. 2020ರ ಫೆಬ್ರವರಿಯಲ್ಲಿ 'ಡೈಮಂಡ್ ಪ್ರಿನ್ಸೆಸ್' ಎಂಬ ಹಡಗು ಜಪಾನಿನ ಯೊಕೊಹಾಮಾದಲ್ಲಿ ನಿಂತಿತ್ತು. ಅದರಲ್ಲಿದ್ದ 3711 ಜನರಲ್ಲಿ 712 ಜನಕ್ಕೆ ಸೋಂಕು ತಗುಲಿತು. ಪ್ರಯಾಣಿಕರು ದಿನಗಟ್ಟಲೆ ತಮ್ಮ ಕೋಣೆಗಳಲ್ಲೇ ಕೂತಿರಬೇಕಾಯಿತು. ಹಡಗೆಂದರೆ ನೀರಿನ ಮೇಲಿನ ವಠಾರ. ಒಂದೇ ಊಟದ ಮನೆ, ಅದೇ ಮೆಟ್ಟಿಲು, ಅದೇ ಲಿಫ್ಟು. ಒಬ್ಬರ ಸೀನು ಊರಿಗೆಲ್ಲ ಹಂಚಿಕೆಯಾಗುತ್ತದೆ.

ಸರಿ, ಗುಮಾಸ್ತನ ಬುದ್ಧಿ ಎಚ್ಚೆತ್ತುಕೊಂಡಿತು. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ಭಾನುವಾರ ಸಂಜೆ 4ರಿಂದ ಹಿಂದಕ್ಕೆ 72 ಗಂಟೆ ಎಣಿಸಿದರೆ ಗುರುವಾರ ಸಂಜೆ 4. ಅದಕ್ಕಿಂತ ಮೊದಲು ಮಾಡಿಸಿದರೆ ಚೆಕ್ಕು ಹಳತಾಗುತ್ತದೆ. ತೀರಾ ತಡವಾಗಿ ಮಾಡಿಸಿದರೆ ವರದಿ ಬರುವಷ್ಟರಲ್ಲಿ ಹಡಗು ಹೋಗಿರುತ್ತದೆ. ವರದಿಗೆ ಒಂದು ದಿನವೂ ಆಗಬಹುದು, ಎರಡು ದಿನವೂ ಆಗಬಹುದು. ಹಾಗಾಗಿ ಶುಕ್ರವಾರ ಬೆಳಿಗ್ಗೆ ಪಿಸಿಆರ್. ಅದು ಬಾರದಿದ್ದರೆ ಶನಿವಾರ ಸಂಜೆ ಆಂಟಿಜೆನ್ ಮಾಡಿಸಲು ಇನ್ನೊಂದು ಕಡೆ ಸಮಯ ಕಾದಿರಿಸಿದೆವು. ನಮ್ಮಿಬ್ಬರಿಗೂ ಅಲ್ಲಿನ ವಿಮೆ ಇಲ್ಲದ್ದರಿಂದ ಕೈಯಿಂದಲೇ ಹಣ ಕಟ್ಟಬೇಕಾಯಿತು.

ಆಮೇಲೆ ಹೆಸರಿನ ಕಥೆ. ನಮ್ಮ ಕಡೆ ಇನಿಷಿಯಲ್ ಇಟ್ಟುಕೊಳ್ಳುವುದು ರೂಢಿ. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದು ಊರಿನ ಹೆಸರು, ಅಪ್ಪನ ಹೆಸರು, ನನ್ನ ಹೆಸರು ಎಂದು ರೈಲಿನಷ್ಟು ಉದ್ದವಾಗಿದೆ. ಕೋವಿನ್ ಪ್ರಮಾಣಪತ್ರದಲ್ಲಿ ಬರೀ ಇನಿಷಿಯಲ್ ಇದ್ದದ್ದನ್ನು ಊರು ಬಿಡುವ ಮೊದಲೇ ತಿದ್ದಿಸಿಕೊಂಡಿದ್ದೆ. ಇಲ್ಲೂ ಪರೀಕ್ಷೆಯ ಫಾರಂನಲ್ಲಿ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ನೋಡಿ ತುಂಬಿದೆ.

ಶುಕ್ರವಾರ ಬೆಳಿಗ್ಗೆ ಒಂದು ಔಷಧಿ ಅಂಗಡಿಯ ಕಿಟಕಿಯ ಪಕ್ಕಕ್ಕೆ ಕಾರು ನಿಲ್ಲಿಸಿದೆವು. ಒಳಗಿನ ಹುಡುಗಿ ಗಾಜಿನ ಆಚೆಯಿಂದ ಕಡ್ಡಿಗಳ ಪೊಟ್ಟಣ ಕೊಟ್ಟು, ಹೇಗೆ ಮಾಡಬೇಕೆಂದು ಹೇಳುತ್ತ, ಬಿಡದೆ ನಮ್ಮನ್ನೇ ನೋಡುತ್ತಿದ್ದಳು. ಮೂಗಿನ ಎರಡೂ ಹೊಳ್ಳೆಗಳಲ್ಲಿ ನಾವೇ ತಿರುಗಿಸಿ, ಕೊಳವೆಯೊಳಗೆ ಇಳಿಸಿ ಕೊಟ್ಟೆವು. ಕಾರಿನಿಂದ ಇಳಿಯಲೇ ಇಲ್ಲ!

"ಅಜ್ಜ, ಆ ಕಡ್ಡಿಯಲ್ಲಿ ವೈರಸ್ ಇಷ್ಟೇ ಇಷ್ಟು ಇದ್ದರೆ ಹೇಗೆ ಕಾಣಿಸುತ್ತೆ?" ಎಂದು ಪುಟ್ಟಿ ಕೇಳಿದಳು. ಅಳಿಯನನ್ನು ಕೇಳಿ ತಿಳಿದುಕೊಂಡು ಬ್ಯಾಂಕಿನ ಭಾಷೆಯಲ್ಲಿ ಹೇಳಿದೆ. ಪಿಸಿಆರ್ ಎಂದರೆ ಒಂದು ಥರ ಚಕ್ರಬಡ್ಡಿ. ವೈರಸ್ಸಿನ ಗುರುತಿನ ಒಂದು ತುಣುಕು ಸಿಕ್ಕರೆ ಯಂತ್ರ ಅದನ್ನು ಎರಡು ಮಾಡುತ್ತದೆ, ಎರಡನ್ನು ನಾಲ್ಕು, ನಾಲ್ಕನ್ನು ಎಂಟು. ಹೀಗೆ 30 ಸಲ ದುಪ್ಪಟ್ಟಾದರೆ ಒಂದು ಎಷ್ಟಾಗುತ್ತದೆ ಹೇಳು? ಅವಳು ಕಾಗದದ ಮೇಲೆ ಗುಣಿಸುತ್ತ ಕೂತಳು. 107 ಕೋಟಿಗೂ ಹೆಚ್ಚು! ನೀವೂ ಗುಣಿಸಿ ನೋಡಿ. 1983ರಲ್ಲಿ ಈ ಉಪಾಯ ಹೊಳೆದದ್ದು ಕ್ಯಾರಿ ಮುಲ್ಲಿಸ್ ಎಂಬ ವಿಜ್ಞಾನಿಗೆ. ಹತ್ತು ವರ್ಷದ ಮೇಲೆ ಅದಕ್ಕೆ ನೊಬೆಲ್ ಬಹುಮಾನ ಬಂತು.

ಶನಿವಾರ ಮಧ್ಯಾಹ್ನ ವರದಿಗಳು ಬಂದವು. ಐದು ಜನಕ್ಕೂ ನೆಗೆಟಿವ್. ಮನೆಯಲ್ಲಿ ಹಬ್ಬ. ನಾನು ಮಾತ್ರ ಅಭ್ಯಾಸಬಲದಿಂದ ತಾರೀಕು ನೋಡಿದೆ, ಹೆಸರು ನೋಡಿದೆ. ನನ್ನ ಹುಟ್ಟಿದ ದಿನ 1949ರ ಮೇ 8 ಎಂದಿತ್ತು! ನಾನು ಹುಟ್ಟಿದ್ದು ಆಗಸ್ಟ್ 5. ನಮ್ಮ ರೂಢಿಯಂತೆ 05/08 ಎಂದು ಬರೆದಿದ್ದೆ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಅವರ ತಪ್ಪಲ್ಲ, ನನ್ನದೇ. ಮಗಳು ಫೋನ್ ಹಿಡಿದು ಕೂತಳು. ಬಹಳ ಹೊತ್ತು ಸಂಗೀತ ಕೇಳಿದ ಮೇಲೆ ಯಾರೋ ಸಿಕ್ಕರು. ಸಂಜೆ 5ಕ್ಕೆ ತಿದ್ದಿದ ವರದಿ ಬಂತು. ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿದೆ. ವಿದೇಶಕ್ಕೆ ಹೋಗುವ ಹಿರಿಯರಿಗೆ ನನ್ನದೊಂದು ಮಾತು: ಅಲ್ಲಿ ತಾರೀಕು ಬರೆಯುವಾಗ ಸಾಧ್ಯವಾದಲ್ಲೆಲ್ಲ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ.

ಇಷ್ಟೆಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ, ರಾತ್ರಿ ಊಟಕ್ಕೆ ಕೂತಾಗ, ಗಂಟಲಿನಲ್ಲಿ ಏನೋ ಕೆರೆತ. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದೆ. ಯಾರಿಗೂ ಹೇಳಲಿಲ್ಲ. ಆದರೆ ಪುಟ್ಟಿಯ ಕಿವಿ ಚುರುಕು. "ಅಜ್ಜ, ಎರಡು ಸಲ ಕೆಮ್ಮಿದಿರಿ" ಎಂದಳು. ಅಮೆರಿಕ ಸರ್ಕಾರ ಆಗ ಕೇಳಿದ ಮನೆಗಳಿಗೆ ಅಂಚೆಯಲ್ಲಿ ಉಚಿತವಾಗಿ ಪರೀಕ್ಷೆಯ ಕಿಟ್ ಕಳಿಸುತ್ತಿತ್ತು. ಕಪಾಟಿನಿಂದ ಒಂದನ್ನು ಅವಳೇ ತಂದಳು. ಹದಿನೈದು ನಿಮಿಷ ಕಾದೆವು. ಮೊದಲ ಗೆರೆ ದಪ್ಪಗೆ ಮೂಡಿತು. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು, ಪೆನ್ಸಿಲಿನಲ್ಲಿ ಎಳೆದು ಅಳಿಸಿದಂಥ ತೆಳು ಗೆರೆ. ಎರಡು ಗೆರೆ ಎಂದರೆ ಸೋಂಕು ಇದೆ ಎಂದರ್ಥ.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಸತ್ಯ ಹೇಳಬೇಕೆಂದರೆ ಮಕ್ಕಳೇ, ನನ್ನ ಮನಸ್ಸಿನಲ್ಲಿ ಕೆಟ್ಟ ಯೋಚನೆ ಬಂದಿತ್ತು. ನನ್ನ ಫೈಲಿನಲ್ಲಿ ನೆಗೆಟಿವ್ ವರದಿ ಇದೆ. ಹೆಸರು ಸರಿ, ತಾರೀಕು ಸರಿ, 72 ಗಂಟೆಯೂ ಮುಗಿದಿಲ್ಲ. ಈ ಕಿಟ್ಟನ್ನು ಕಸದ ಬುಟ್ಟಿಗೆ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ? ಮಗಳು ಕಟ್ಟಿದ ಹಣ, ಬಾಗಿಲ ಬಳಿ ನಿಂತ ಐದು ಸೂಟ್‌ಕೇಸು, ಅದರೊಳಗಿನ ಸ್ವೆಟರು, ಎಲ್ಲ ಕಣ್ಣ ಮುಂದೆ ಬಂದವು.

ಪುಟ್ಟಿ ಕೇಳಿದಳು: "ಅಜ್ಜ, ಈಗ ಯಾವುದು ನಿಜ? ನಿನ್ನೆಯ ಕಾಗದವಾ, ಇವತ್ತಿನ ಗೆರೆಯಾ?"

ನನಗೆ ಹಳೆಯ ಕೌಂಟರ್ ನೆನಪಾಯಿತು. ತಾರೀಕು ಸರಿಯಿರುವ, ಸಹಿ ಸರಿಯಿರುವ ಚೆಕ್ಕು ಹಿಡಿದು ಬಂದವರನ್ನು ಎಷ್ಟು ಸಲ ವಾಪಸು ಕಳಿಸಿದ್ದೇನೆ! ಕಾಗದ ಸರಿಯಿದ್ದರೇನು, ಖಾತೆಯಲ್ಲಿ ಹಣವಿಲ್ಲ. ಈಗ ನನ್ನ ಚೆಕ್ಕೂ ಅಂಥದ್ದೇ.

"ಇವತ್ತಿನ ಗೆರೆಯೇ ನಿಜ ಪುಟ್ಟೀ" ಎಂದೆ. ನನ್ನಾಕೆಯ ಮುಖ ನೋಡಲು ಧೈರ್ಯ ಬರಲಿಲ್ಲ. ಅವಳೇ ಮಾತಾಡಿದಳು. "ಆ ಹಡಗಿನಲ್ಲಿ ನಮ್ಮಂಥ ಮುದುಕರು ಎಷ್ಟು ಜನ ಇರ್ತಾರೋ ಏನೋ ರೀ. ಹಿಮನದಿ ಎಲ್ಲಿಗೂ ಓಡಿಹೋಗಲ್ಲ. ಅದು ನಡೆಯೋದೇ ಬಸವನಹುಳುವಿನ ಹಾಗೆ." ಹೇಳಿ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಬಹಳ ಹೊತ್ತು ನಲ್ಲಿ ಸುರಿಯುವ ಸದ್ದು ಕೇಳಿಸಿತು.

ಅಳಿಯ ಹಡಗಿನವರಿಗೆ ಫೋನ್ ಮಾಡಿದ. ಒಂದೇ ಮನೆಯಲ್ಲಿದ್ದವರು ಯಾರೂ ಬರುವಂತಿಲ್ಲ ಎಂದರು. ಹಣ ಕೈಗೆ ಬರಲಿಲ್ಲ, ಇನ್ನೊಂದು ಪ್ರವಾಸಕ್ಕೆ ಬಳಸಲು ಜಮೆ ಇಟ್ಟುಕೊಂಡರು. ಜೊತೆಗೆ ಒಂದು ಮಾತು ಹೇಳಿದರು: ಮನೆಯ ಕಿಟ್ಟಿನ ಗೆರೆ ದಾಖಲೆಯಾಗುವುದಿಲ್ಲ, ಪ್ರಯೋಗಾಲಯದ ವರದಿ ಕಳಿಸಿ. ಹಾಗಾಗಿ ಭಾನುವಾರ, ಹಡಗಿನಲ್ಲಿರಬೇಕಾಗಿದ್ದ ಹೊತ್ತಿನಲ್ಲಿ, ಮತ್ತೆ ಕಾರಿನ ಕಿಟಕಿ ಇಳಿಸಿ ಮೂಗಿಗೆ ಕಡ್ಡಿ ಹಾಕಿಕೊಂಡೆ. ಈ ಸಲ ಪಾಸಿಟಿವ್.

ಐದು ದಿನ ಮಹಡಿಯ ಕೋಣೆಯಲ್ಲಿ ಒಬ್ಬನೇ ಇದ್ದೆ. ಜ್ವರ ಒಂದೂವರೆ ದಿನಕ್ಕೆ ಬಿಟ್ಟಿತು. ಊಟದ ತಟ್ಟೆ ಬಾಗಿಲ ಹೊರಗೆ ಬರುತ್ತಿತ್ತು. ಬಾಗಿಲ ಸಂದಿಯಿಂದ ಪುಟ್ಟಿಯ ಚೀಟಿಗಳು ಬರುತ್ತಿದ್ದವು. ಒಂದರಲ್ಲಿ ಹೀಗಿತ್ತು: "ಕ್ವಾರಂಟೈನ್ ಅಂದರೆ ಇಟಲಿಯ ವೆನಿಸ್ ಕಡೆಯ ಭಾಷೆಯಲ್ಲಿ ನಲವತ್ತು ದಿನ. ಹಿಂದಿನ ಕಾಲದಲ್ಲಿ ಪ್ಲೇಗಿಗೆ ಹೆದರಿ ಹಡಗುಗಳನ್ನು ಬಂದರಿನ ಆಚೆ ನಲವತ್ತು ದಿನ ನಿಲ್ಲಿಸುತ್ತಿದ್ದರು. ನಿಮಗೆ ಐದೇ ದಿನ, ಅಳಬೇಡಿ."

ಕಿಟ್ಟಿನಲ್ಲಿ ಒಂದೇ ಗೆರೆ ಬಂದು ನಾನು ಹೊರಗೆ ಕಾಲಿಟ್ಟ ದಿನ ಬಾಗಿಲಿಗೆ ಹಳದಿ ಕಾಗದದ ಬಾವುಟ ಅಂಟಿಸಿತ್ತು. ಹಡಗುಗಳ ಸಂಕೇತದಲ್ಲಿ ಹಳದಿ ಬಾವುಟ ಹಾರಿಸಿದರೆ "ನಮ್ಮ ಹಡಗಿನಲ್ಲಿ ರೋಗವಿಲ್ಲ, ಬಂದರಿನೊಳಗೆ ಬರಲು ಅಪ್ಪಣೆ ಕೊಡಿ" ಎಂದು ಅರ್ಥ. ಪುಟ್ಟಿ ಕೆಳಗೆ ನಿಂತು ಬಂದರಿನ ಅಧಿಕಾರಿಯ ಗತ್ತಿನಲ್ಲಿ "ಅಪ್ಪಣೆ ಇದೆ" ಎಂದಳು. ನನ್ನಾಕೆಗೆ ಸೋಂಕು ತಗುಲಿರಲಿಲ್ಲ. ಅದೇ ದೊಡ್ಡ ಪುಣ್ಯ.

ಆಗಸ್ಟ್‌ನಲ್ಲಿ, ಪುಟ್ಟಿಯ ಶಾಲೆ ಶುರುವಾಗುವ ಮೊದಲು, ಅದೇ ಜಮೆಯಿಂದ ಮತ್ತೆ ಹೊರಟೆವು. ಮತ್ತೆ ಅದೇ ಹಾಳೆ, ಅದೇ ಲೆಕ್ಕ. ಆದರೆ ನನ್ನ ಪಾಲಿಗೆ ಒಂದು ತಮಾಷೆ ನಡೆಯಿತು. ಕೋವಿಡ್ ಬಂದು ವಾಸಿಯಾದವರಿಗೆ ಪಿಸಿಆರ್ ಮಾಡಿದರೆ ಎಷ್ಟೋ ವಾರಗಳ ತನಕ ವೈರಸ್ಸಿನ ಸತ್ತ ತುಣುಕುಗಳು ಸಿಕ್ಕಿ ಪಾಸಿಟಿವ್ ಎಂದು ಬರಬಹುದು. ಹಾಗಾಗಿ ಅಂಥವರು ಹೊಸ ಪರೀಕ್ಷೆಯ ಬದಲು ಹಿಂದಿನ ಪಾಸಿಟಿವ್ ವರದಿಯನ್ನೇ ತೋರಿಸಬಹುದಿತ್ತು. ಅದು ಹತ್ತು ದಿನವಾದರೂ ಹಳೆಯದಾಗಿರಬೇಕು, ತೀರಾ ಹಳೆಯದೂ ಆಗಿರಬಾರದು, ಪ್ರಯೋಗಾಲಯದ್ದೇ ಆಗಿರಬೇಕು. ಮನೆಯವರೆಲ್ಲ ಮೂಗಿಗೆ ಕಡ್ಡಿ ಹಾಕಿಕೊಂಡರು. ನಾನು ಜೂನ್ 26ರ ಪಾಸಿಟಿವ್ ಕಾಗದ ತೋರಿಸಿ ಹಡಗು ಹತ್ತಿದೆ! ಅಂದು ಆ ಕಿಟ್ಟನ್ನು ಕಸದ ಬುಟ್ಟಿಗೆ ಹಾಕಿದ್ದರೆ ಈ ಕಾಗದ ಎಲ್ಲಿಂದ ಬರುತ್ತಿತ್ತು?

ಗ್ಲೇಸಿಯರ್ ಬೇ ಎಂಬಲ್ಲಿ ಹಡಗು ಎಂಜಿನ್ ಸದ್ದು ತಗ್ಗಿಸಿ ನಿಂತಿತು. ಎದುರಿಗೆ ಮಾರ್ಜರಿ ಹಿಮನದಿ. ಅಗಲ ಸುಮಾರು ಒಂದು ಮೈಲಿ, ನೀರಿನಿಂದ ಮೇಲೆ ಸುಮಾರು 250 ಅಡಿಯ ನೀಲಿ ಗೋಡೆ. ಒಂದು ತುಂಡು ಕಳಚಿ ಸಮುದ್ರಕ್ಕೆ ಬಿತ್ತು. ಮೊದಲು ಕಣ್ಣಿಗೆ ಕಂಡಿತು, ಗುಡುಗಿನಂಥ ಸದ್ದು ಆಮೇಲೆ ಬಂತು. ನನ್ನಾಕೆ ಸ್ವೆಟರಿನ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ಪಕ್ಕದಲ್ಲಿ ಆಮ್ಲಜನಕದ ಸಣ್ಣ ಯಂತ್ರ ಹಾಕಿಕೊಂಡ ಅಜ್ಜಿಯೊಬ್ಬರು ಗಾಲಿಕುರ್ಚಿಯಲ್ಲಿ ಕುಳಿತು ಅದೇ ಹಿಮವನ್ನು ನೋಡುತ್ತಿದ್ದರು. ನನ್ನಾಕೆ ಅವರಿಗೆ ಕಾಣಲೆಂದು ಸ್ವಲ್ಪ ಸರಿದು ನಿಂತಳು. ನಾನೂ ಸರಿದು ನಿಂತೆ.

"ನಾನು ಬೋರ್ಡಿನ ಮೇಲೆ ಹಿಮನದಿಗೆ ಬಿಳಿ ಬಣ್ಣ ಬಳಿಯುತ್ತಿದ್ದೆ ರೀ" ಎಂದಳು ನನ್ನಾಕೆ. "ಇಷ್ಟು ವರ್ಷ ಮಕ್ಕಳಿಗೆ ತಪ್ಪು ಹೇಳಿಕೊಟ್ಟೆ. ಅದು ನೀಲಿ."