ಸೂರಿಲ್ಲದ ಸವಾರಿ

ನಮ್ಮ ಕಡೆ ತೆರೆದ ವಾಹನದಲ್ಲಿ ಯಾರಾದರೂ ಬಂದರೆ ಒಂದೋ ಅವರು ಚುನಾವಣೆ ಗೆದ್ದಿರಬೇಕು, ಇಲ್ಲವೇ ಕಪ್ ಗೆದ್ದಿರಬೇಕು, ಎರಡೂ ಅಲ್ಲವಾದರೆ ತಾಳಿ ಕಟ್ಟಲು ಹೊರಟಿರಬೇಕು. ಕೊರಳಲ್ಲಿ ಹಾರವಿಲ್ಲದೆ, ಮುಂದೆ ಬ್ಯಾಂಡ್‌ಸೆಟ್ ಇಲ್ಲದೆ, ಸುಮ್ಮನೆ ಅರ್ಧ ಕೆಜಿ ಹುರುಳಿಕಾಯಿ ತರಲು ಸೂರಿಲ್ಲದ ಕಾರಿನಲ್ಲಿ ಹೊರಟವನನ್ನು ಜನ ಏನೆಂದುಕೊಂಡಾರು? ಈ ಯೋಚನೆ ಕೆಲವು ವಾರಗಳಿಂದ ನನ್ನನ್ನು ಬಿಟ್ಟಿಲ್ಲ. ನಿವೃತ್ತಿಯ ಹಣದಲ್ಲಿ ಒಂದು ಪಾಲು ಕೈಯಲ್ಲಿದೆ, ಮನೆಯ ಹ್ಯಾಚ್‌ಬ್ಯಾಕ್ ಕೆಮ್ಮತೊಡಗಿದೆ. ಹೇಗೂ ಹೊಸದು ತರಬೇಕು. ಬೇಕೆಂದಾಗ ಚಾವಣಿ ಮಡಚಿಡುವಂಥದನ್ನೇ ಯಾಕೆ ತರಬಾರದು? ಶೋಕಿಗೊಂದು, ಸಂಸಾರಕ್ಕೊಂದು ಎಂದು ಎರಡು ಇಟ್ಟುಕೊಳ್ಳುವ ದುಡ್ಡೂ ಇಲ್ಲ, ಜಾಗವೂ ಇಲ್ಲ. ಯುಗಾದಿಯಿಂದ ಯುಗಾದಿಗೆ ಮನೆಗೆ ಅದೊಂದೇ ಕಾರು.

ಹೆಂಡತಿ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, “ಸ್ಕೂಟರಿಗೂ ಸೂರಿಲ್ಲ. ಲಕ್ಷ ರೂಪಾಯಿಗೆ ಬರುತ್ತೆ,” ಎಂದಳು.

ತೆಗೆದುಹಾಕುವ ಮಾತಲ್ಲ ಅದು. ಬೆಂಗಳೂರಿನಲ್ಲಿ ಲಕ್ಷಾಂತರ ಜನ ವರ್ಷಪೂರ್ತಿ ಸೂರಿಲ್ಲದೆಯೇ ಓಡಾಡುತ್ತಿದ್ದಾರೆ. ಮಳೆ ಬಂದರೆ ಫ್ಲೈಓವರ್ ಕೆಳಗೆ ನಿಲ್ಲುತ್ತಾರೆ, ಬಿಸಿಲಾದರೆ ಸಿಗ್ನಲ್‌ನಲ್ಲಿ ಮರದ ನೆರಳು ಎಲ್ಲಿಯವರೆಗಿದೆಯೋ ಅಲ್ಲಿಗೇ ಸಾಲು ನಿಲ್ಲಿಸುತ್ತಾರೆ. ಅದನ್ನು ಯಾರೂ ವಿಲಾಸ ಅನ್ನುವುದಿಲ್ಲ. ಅದೇ ಗಾಳಿ, ಅದೇ ಧೂಳು ನಾಲ್ಕು ಚಕ್ರದ ಮೇಲೆ ಬಂದರೆ ಅರ್ಧ ಕೋಟಿಗೂ ಮೇಲೆ ಕೊಡಬೇಕು. ನಮ್ಮಲ್ಲಿ ಮಾರುವ ಮಿನಿ, ಬಿಎಂಡಬ್ಲ್ಯು, ಮರ್ಸಿಡಿಸ್‌ಗಳ ತೆರೆದ ಮಾದರಿಗಳೆಲ್ಲ ಆ ಲೆಕ್ಕದವೇ. ಅದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ: 20 ಲಕ್ಷ ದಾಟಿದ ಕಾರಿಗೆ ಶೇ 18. ತೆರಿಗೆಯ ದುಡ್ಡಿನಲ್ಲೇ ಒಂದು ಸಣ್ಣ ಕಾರು ಬರುತ್ತದೆ, ಅದೂ ಗಟ್ಟಿ ಸೂರಿನದು.

ಕಾರು ಹುಟ್ಟಿದ ಕಾಲದಲ್ಲಿ ಲೆಕ್ಕ ತಿರುಗಾಮುರುಗಾ ಇತ್ತು. ಬಹುತೇಕ ಕಾರುಗಳು ತೆರೆದವೇ. ಮೇಲೆ ಗಟ್ಟಿ ಚಾವಣಿ ಬೇಕೆಂದವನು ಹೆಚ್ಚು ಕೊಡಬೇಕಿತ್ತು. 1922ರಲ್ಲಿ ಅಮೆರಿಕದ ಹಡ್ಸನ್ ಕಂಪನಿ ಎಸೆಕ್ಸ್ ಕೋಚ್ ಎಂಬ ಮುಚ್ಚಿದ ಕಾರನ್ನು ಸಾಮಾನ್ಯರಿಗೆ ಎಟುಕುವ ಬೆಲೆಗೆ ತಂದಿತು. ಆ ದಶಕ ಮುಗಿಯುವಷ್ಟರಲ್ಲಿ ಅಲ್ಲಿ ತೆರೆದ ಕಾರು ಅಪರೂಪವಾಗಿತ್ತು. ಚಳಿ, ಮಳೆಗಳಲ್ಲಿ ಕಾರು ನಡೆಸಿದವರಿಗೆ ಸೂರು ಸಿಕ್ಕಿದ್ದೇ ತಡ, ಹಿಂದಿರುಗಿ ನೋಡಲಿಲ್ಲ. ಆದರೂ ಆಸೆ ಪೂರ್ತಿ ಸಾಯಲಿಲ್ಲ. 1930ರ ದಶಕದಲ್ಲಿ ಫ್ರಾನ್ಸಿನ ಜಾರ್ಜ್ ಪೊಲ್ಯಾಂ ಎಂಬ ದಂತವೈದ್ಯ ಲೋಹದ ಚಾವಣಿಯೇ ಮೋಟಾರಿನ ಬಲದಿಂದ ಡಿಕ್ಕಿಯೊಳಗೆ ಜಾರುವ ಉಪಾಯ ಮಾಡಿದ, ಪ್ಯೂಜೋ ಅದನ್ನು ತನ್ನ ಕಾರುಗಳಲ್ಲಿ ಮಾರಿತು. (ದಿನವಿಡೀ ಬಾಯಿ ತೆರೆಸಿ ಮುಚ್ಚಿಸುವವನಿಗೇ ಇದು ಹೊಳೆದದ್ದು ಆಶ್ಚರ್ಯವಲ್ಲ.) 1976ರಲ್ಲಿ ಕ್ಯಾಡಿಲಾಕ್ ತನ್ನ ಎಲ್ಡೊರಾಡೊವನ್ನು ಅಮೆರಿಕದ ಕಟ್ಟಕಡೆಯ ತೆರೆದ ಕಾರು ಎಂದು ಸಾರಿ ಮಾರಿತು. ಜನ ಮುಗಿಬಿದ್ದು ಕೊಂಡು ಶೆಡ್ಡಿನಲ್ಲಿ ಜೋಪಾನ ಮಾಡಿದರು. ಆರು ವರ್ಷ ಕಳೆಯುವಷ್ಟರಲ್ಲಿ ಕ್ರೈಸ್ಲರ್ ಹೊಸ ತೆರೆದ ಕಾರನ್ನು ರಸ್ತೆಗಿಳಿಸಿತು. 1989ರಲ್ಲಿ ಜಪಾನಿನ ಮಜ್ದಾ ಹೊರತಂದ ಎಂಎಕ್ಸ್-5 ಎಂಬ ಎರಡು ಸೀಟಿನ ಪುಟ್ಟ ಕಾರು 2016ರ ಹೊತ್ತಿಗೆ ತಯಾರಿಕೆಯಲ್ಲಿ 10 ಲಕ್ಷ ದಾಟಿತು. ಕೂತಲ್ಲಿಂದಲೇ ಒಂದು ಕೈಯಲ್ಲಿ ಅದರ ಬಟ್ಟೆಯನ್ನು ಹಿಂದಕ್ಕೆ ಒಗೆಯಬಹುದು. ನನ್ನ ಮನಸ್ಸು ಕದ್ದದ್ದೂ ಅದೇ, ಭಾರತದಲ್ಲಿ ಮಾರಾಟಕ್ಕಿಲ್ಲದ್ದೂ ಅದೇ.

ಇಂಥ ಕಾರುಗಳನ್ನು ಮುಗಿಬಿದ್ದು ಕೊಳ್ಳುವವರು ಬಿಸಿಲ ನಾಡಿನವರಲ್ಲ. ಯುರೋಪಿನಲ್ಲಿ ಇವಕ್ಕೆ ದೊಡ್ಡ ಮಾರುಕಟ್ಟೆಗಳು ಜರ್ಮನಿ, ಬ್ರಿಟನ್‌ಗಳು, ಅಂದರೆ ಮೋಡದ ದೇಶಗಳು. ಸೂರ್ಯ ಅಪರೂಪವಾದ ಕಡೆ ಅವನು ಬಂದ ದಿನ ಸೂರು ತೆಗೆಯಬೇಕು ಅನಿಸುತ್ತದೆ. ನಮ್ಮಲ್ಲಿ ಅವನು ಕರೆಯದೆಯೂ ಬಂದು ನೆತ್ತಿಯ ಮೇಲೆ ಕೂರುತ್ತಾನೆ. ಅಲ್ಲಿಯವರು ಚಳಿಗಾಲದಲ್ಲೂ ಕಾಲಿಗೆ ಹೀಟರ್ ಹಾಕಿಕೊಂಡು ಚಾವಣಿ ತೆಗೆಯುತ್ತಾರಂತೆ. ಸೀಟಿನ ತಲೆದಿಂಬಿನೊಳಗಿಂದ ಕುತ್ತಿಗೆಗೆ ಬೆಚ್ಚನೆ ಗಾಳಿ ಊದುವ ಏರ್ಪಾಟನ್ನು ಮರ್ಸಿಡಿಸ್ ಮಾಡಿದೆ. ನಮ್ಮ ಅತ್ತೆಯವರಿಗೆ ಇದನ್ನು ವಿವರಿಸಿದಾಗ, ಮಂಕಿ ಕ್ಯಾಪಿಗೆ ಅಷ್ಟು ಖರ್ಚಾಗುವುದಿಲ್ಲವಲ್ಲ ಎಂದರು. ನವೆಂಬರ್ ಬಂತೆಂದರೆ ಕಿವಿಗೆ ಗಾಳಿ ಸೋಕಬಾರದೆಂಬುದು ಅವರ ಅಚಲ ಸಿದ್ಧಾಂತ.

ವರ್ಷವಿಡೀ ನಡೆಸಬಹುದೇ ಎಂದು ಕೇಳುವಾಗ ಅಲ್ಲಿಯವರು ತಿಂಗಳು ಎಣಿಸುತ್ತಾರೆ. ಮೇ ತಿಂಗಳಲ್ಲಿ ತೆರೆದರೆ ಸೆಪ್ಟೆಂಬರಿನಲ್ಲಿ ಮುಚ್ಚುವುದು. ಬೆಂಗಳೂರಿನಲ್ಲಿ ಎಣಿಸಬೇಕಾದದ್ದು ಗಂಟೆ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ ಇಡೀ ದಿನ ತೆರೆದಿಡಬಹುದಾದ ತಿಂಗಳು ಒಂದೂ ಇಲ್ಲ. ದಿನದಲ್ಲಿ ಎರಡು ಗಂಟೆಯಾದರೂ ತೆರೆಯಲಾಗದ ತಿಂಗಳೂ ಇಲ್ಲ. ಏಪ್ರಿಲಿನಲ್ಲೂ ಬೆಳಗಿನ ಆರರಿಂದ ಎಂಟು ಹಿತ. ಇಲ್ಲಿನ ಜೋರು ಮಳೆ ಹೆಚ್ಚಾಗಿ ಮಧ್ಯಾಹ್ನ ಕಳೆದು ಸಂಜೆಗೆ ಬರುವಂಥದು. ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ ರಾತ್ರಿಯೆಲ್ಲ ಸುರಿದರೂ ಬೆಳಿಗ್ಗೆ ರಸ್ತೆ ತೊಳೆದಿಟ್ಟಂತಿರುತ್ತದೆ. ಆಕಾಶಮಲ್ಲಿಗೆ ಬಿಡುವ ಕಾಲದಲ್ಲಿ ರಾತ್ರಿ ಹತ್ತರ ಮೇಲೆ ಜಯನಗರದ ಮರದ ಸಾಲುಗಳ ಕೆಳಗೆ ಸೂರಿಲ್ಲದೆ ಹೋಗುವುದೆಂದರೆ ಹೂವು ತಾನಾಗಿ ಮಡಿಲಿಗೆ ಬೀಳುತ್ತದೆ. ಮುಚ್ಚಿದ ಕಾರಿನವನಿಗೆ ಸಿಗುವುದು ವೈಪರಿಗೆ ಸಿಕ್ಕ ತೊಟ್ಟು ಮಾತ್ರ.

ಹತ್ತು ಗಂಟೆಯ ಹಗಲು ಬೇರೆಯೇ. ಬಸ್ಸಿನ ಹೊಗೆಕೊಳವೆ ಕಿವಿಯ ಮಟ್ಟಕ್ಕೆ ಬರುತ್ತದೆ. ಮೈಸೂರು ರಸ್ತೆಯಲ್ಲಿ ಹೊರಟರೆ ವೃಷಭಾವತಿ ನದಿ ತಾನಿದ್ದೇನೆಂದು ಮೂಗಿಗೆ ತಿಳಿಸುತ್ತದೆ. ಸಿಗ್ನಲ್‌ನಲ್ಲಿ ನಿಂತರೆ ಹೆಲ್ಮೆಟ್ಟಿನವನೊಬ್ಬ ಬಗ್ಗಿ ಸ್ಟೀರಿಂಗು, ಗೇರು, ನನ್ನ ಹೊಟ್ಟೆ ಎಲ್ಲವನ್ನೂ ಪರೀಕ್ಷಿಸಿ, “ಮೈಲೇಜ್ ಎಷ್ಟು ಕೊಡುತ್ತೆ ಸಾರ್?” ಎಂದು ಕೇಳದೆ ಬಿಡುವುದಿಲ್ಲ. ಓಡುತ್ತಿರುವಾಗ ತುಂತುರು ಹನಿ ಒಳಗೆ ಬೀಳುವುದಿಲ್ಲವೆಂಬುದು ನಿಜ. ಮುಂಗಾಜಿನ ಮೇಲಿಂದ ಹಾಯುವ ಗಾಳಿ ಹನಿಗಳನ್ನು ತಲೆಯ ಮೇಲಿಂದಲೇ ಹಿಂದಕ್ಕೆ ದಾಟಿಸಿಬಿಡುತ್ತದೆ. ಆದರೆ ಅದಕ್ಕೆ ಹೆದ್ದಾರಿಯ ವೇಗ ಬೇಕು. ಸಿಲ್ಕ್‌ಬೋರ್ಡಿನಲ್ಲಿ ಸಂಜೆ ಆರಕ್ಕೆ ಅಂಥ ಗಾಳಿಯನ್ನು ಎಲ್ಲಿಂದ ತರೋಣ? ಬೈಕಿನವರ ನಡುವೆ ತಳ್ಳಿಕೊಂಡು ಹೋಗಿ ಫ್ಲೈಓವರ್ ಕೆಳಗೆ ನಿಲ್ಲಿಸಿ, ಅವರು ರೇನ್‌ಕೋಟ್ ತೊಡುವಾಗ ನಾನು ಕಾರಿಗೆ ತೊಡಿಸುತ್ತಿರಬೇಕು.

ಬೆಂಗಳೂರಿನ ಮಳೆ ವರ್ಷಕ್ಕೆ ಹೆಚ್ಚು ಕಡಿಮೆ 1,000 ಮಿಲಿಮೀಟರ್, ಆಗುಂಬೆಯದು 7,000ದ ಆಸುಪಾಸು. ಆದರೂ ಸೂರಿಲ್ಲದ ಗಾಡಿಯನ್ನು ಹನ್ನೆರಡು ತಿಂಗಳೂ ನಡೆಸಿ ತೋರಿಸಿದವರು ಮಲೆನಾಡಿನವರೇ. ನಾನು ಬೆಳೆದದ್ದು ತೀರ್ಥಹಳ್ಳಿ ಕಡೆ. ಅಲ್ಲಿ ತೋಟದವರ ಮನೆಯಲ್ಲಿ ಇರುತ್ತಿದ್ದ ಜೀಪಿಗೆ ಕಬ್ಬಿಣದ ಸರಳುಗಳ ಮೇಲೆ ಕ್ಯಾನ್ವಾಸು, ಪಕ್ಕಕ್ಕೆ ಗುಂಡಿ ಹಾಕುವ ಪರದೆ, ಪರದೆಯಲ್ಲಿ ಹಳದಿ ತಿರುಗಿದ ಪ್ಲಾಸ್ಟಿಕ್ ಕಿಟಕಿ. ಆಷಾಢದಲ್ಲಿ ಆ ಕಿಟಕಿಯಾಚೆ ಕಾಣುತ್ತಿದ್ದದ್ದು ಹಸಿರು ಬಣ್ಣ ಮಾತ್ರ. ಅದು ಮರವೋ ಎದುರಿಗೆ ಬರುತ್ತಿರುವ ಲಾರಿಯೋ ಹತ್ತಿರ ಬಂದ ಮೇಲೆಯೇ ತಿಳಿಯಬೇಕು. ಹೊಲಿಗೆ ಬಿಟ್ಟಲ್ಲೆಲ್ಲ ನೀರು ಸಣ್ಣಗೆ ಇಳಿದು ತೊಡೆಯ ಮೇಲೆ ಹರಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತ ಹೆಂಗಸರು ಗಾಡಿಯೊಳಗೇ ಕೊಡೆ ಬಿಚ್ಚುತ್ತಿದ್ದರು. ಯಾರಿಗೂ ಅದು ತಮಾಷೆಯೆನಿಸುತ್ತಿರಲಿಲ್ಲ. ಒದ್ದೆ ಕ್ಯಾನ್ವಾಸಿನ ವಾಸನೆ ಅಂಗಿಗೆ ಹತ್ತಿದರೆ ದೀಪಾವಳಿಯವರೆಗೆ ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಕ್ಯಾನ್ವಾಸು ಕಳಚಿ ಅಡಿಕೆ ಮೂಟೆ, ಗೊಬ್ಬರ, ಮದುವೆಯ ಪಾತ್ರೆ, ಹತ್ತು ಹನ್ನೆರಡು ಜನ, ಎಲ್ಲವನ್ನೂ ಒಟ್ಟುತ್ತಿದ್ದರು. ಆಕಾಶ ನೋಡಲೆಂದು ಯಾರೂ ಸೂರು ತೆಗೆಯುತ್ತಿರಲಿಲ್ಲ.

ಆ ಜೀಪಿನ ವಂಶದವನೇ ಈಗ ನನ್ನ ಜೇಬಿಗೆ ಹತ್ತಿರ ಬರುವ ಒಂದೇ ಅಭ್ಯರ್ಥಿ. 1947ರಲ್ಲಿ ವಿಲ್ಲಿಸ್ ಜೀಪುಗಳಿಂದ ವಾಹನದ ದಾರಿ ಹಿಡಿದ ಮಹೀಂದ್ರ, 2020ರ ಗಾಂಧಿ ಜಯಂತಿಯಂದು ಬಿಡುಗಡೆ ಮಾಡಿದ ಥಾರ್‌ನಲ್ಲಿ ಬಟ್ಟೆಯ ಚಾವಣಿಯ ಮಾದರಿಯನ್ನೂ ಇಟ್ಟಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿ ಈಗ ಹಳೆಯದೇ ಸಿಗಬೇಕು. ಬೆಂಗಳೂರಿನದೇ ಸ್ಯಾನ್ ಕಂಪನಿ 1990ರ ದಶಕದ ಕೊನೆಯಲ್ಲಿ ಸ್ಟಾರ್ಮ್ ಎಂಬ ಫೈಬರ್ ಮೈಯ, ರೆನೋ ಎಂಜಿನ್ನಿನ ಎರಡು ಸೀಟಿನ ತೆರೆದ ಕಾರನ್ನು ತಂದಿತ್ತು ಎಂದರೆ ಇಂದಿನ ಹುಡುಗರು ನಂಬುವುದಿಲ್ಲ. ಈಗ ಅದನ್ನು ಹುಡುಕಿ ಹೊರಡುವುದು ಕಾರು ಕೊಳ್ಳುವ ಕೆಲಸವಲ್ಲ, ಪುರಾತತ್ವದ ಕೆಲಸ.

ಥಾರ್ ಪರವಾಗಿ ಒಂದು ಗಟ್ಟಿ ಮಾತಿದೆ. ಚಪ್ಪಲಿ ಡಬ್ಬದ ಮುಚ್ಚಳ ತೆಗೆದು ಎರಡೂ ಕೊನೆ ಹಿಡಿದು ತಿರುಚಿ ನೋಡಿ, ಹೇಗೆ ಬಳುಕುತ್ತದೆ. ಸಾಮಾನ್ಯ ಕಾರಿನ ಸೂರು ಕತ್ತರಿಸಿದರೂ ಅದೇ ಗತಿ, ಯಾಕೆಂದರೆ ಅದರ ಬಲದಲ್ಲಿ ಒಂದು ಭಾಗ ಸೂರಿನಲ್ಲೇ ಇರುತ್ತದೆ. ಅದನ್ನು ಸರಿದೂಗಿಸಲು ತಯಾರಕರು ತಳಕ್ಕೂ ಬಾಗಿಲ ಕೆಳಗಿನ ತೊಲೆಗೂ ಉಕ್ಕು ತುಂಬುತ್ತಾರೆ, ತೂಕ ಏರುತ್ತದೆ. ಆದರೂ ಗುಂಡಿಗೆ ಇಳಿದಾಗ ಮುಂಗಾಜಿನ ಚೌಕಟ್ಟು ಸಣ್ಣಗೆ ನಡುಗುವುದುಂಟು. ಥಾರ್ ನಿಂತಿರುವುದು ಲಾರಿಯ ಥರ ಏಣಿಯಾಕಾರದ ಪ್ರತ್ಯೇಕ ಚಾಸಿಯ ಮೇಲೆ. ಸೂರು ಹೋದರೆ ಅದಕ್ಕೆ ಅಷ್ಟೇನೂ ನಷ್ಟವಿಲ್ಲ. ನಮ್ಮ ಊರಿನ ರಸ್ತೆಗುಬ್ಬಗಳಿಗೆ ನೆಲಕ್ಕಂಟಿದ ಸ್ಪೋರ್ಟ್ಸ್ ಕಾರಿಗಿಂತ ಇದೇ ವಾಸಿ. ವಿರೋಧವಾಗಿಯೂ ಒಂದು ಮಾತಿದೆ: ಮೂರು ಬಾಗಿಲಿನ ಗಾಡಿಯ ಹಿಂದಿನ ಸೀಟಿಗೆ ನಮ್ಮ ಅತ್ತೆ ಹತ್ತುವುದು ಹೇಗೆ? ಷೋರೂಮಿನ ಹುಡುಗ ಇದಕ್ಕೆ ಉತ್ತರ ಹೇಳದೆ, ಗಟ್ಟಿ ಸೂರಿನ ಇನ್ನೊಂದು ಮಾದರಿಯ ಸನ್‌ರೂಫ್ ತೋರಿಸಿದ. ಸನ್‌ರೂಫ್ ಎಂಬುದು ನನಗೆ ಎಂದೂ ಹಿಡಿಸಿಲ್ಲ. ಅದು ಮಕ್ಕಳು ಅರ್ಧ ಮೈ ಹೊರಗೆ ಹಾಕಿ ನಿಂತು ಪೊಲೀಸರಿಗೆ ದಂಡ ಕಟ್ಟಲೆಂದೇ ಮಾಡಿದ ರಂಧ್ರ.

ಇಷ್ಟೆಲ್ಲ ಆದಮೇಲೂ ಮನಸ್ಸು ಎಳೆಯುವುದು ಎರಡೇ ವಾರದ ಒಂದು ಕಾಲಕ್ಕೆ. ಫೆಬ್ರುವರಿ ಕಳೆದು ಮಾರ್ಚ್, ಏಪ್ರಿಲಿನಲ್ಲಿ ಕೊಡಗು, ಸಕಲೇಶಪುರ, ಮೂಡಿಗೆರೆಗಳಲ್ಲಿ ಹೂಮಳೆ ಬೀಳುತ್ತದೆ. ಬಿದ್ದು ವಾರ, ಹತ್ತು ದಿನಕ್ಕೆ ಕಾಫಿ ಗಿಡಗಳು ಒಟ್ಟಿಗೆ ಬೆಳ್ಳಗಾಗುತ್ತವೆ. ಮಲ್ಲಿಗೆಯ ಹತ್ತಿರದ ಪರಿಮಳ, ಅದಕ್ಕಿಂತ ತುಸು ಭಾರ. ಎರಡು ಮೂರು ದಿನದಲ್ಲಿ ಹೂವು ಕಂದಿ ಎಲ್ಲ ಮುಗಿಯುತ್ತದೆ. ಹಾಸನ ದಾಟುವವರೆಗೆ ಮುಚ್ಚಿಕೊಂಡು ಹೋಗಿ, ಸಕಲೇಶಪುರದ ಆಚೆ ತೋಟದ ರಸ್ತೆಗೆ ತಿರುಗುವಲ್ಲಿ ಗಾಡಿ ನಿಲ್ಲಿಸಿ, ಮುಂಗಾಜಿನ ಮೇಲಿನ ಕೊಂಡಿ ಬಿಚ್ಚಿ, ಹಿಂದಿನ ಕಿಟಕಿಯ ಜಿಪ್ ಎಳೆದು, ಬಟ್ಟೆಯನ್ನು ಪದರ ಪದರವಾಗಿ ಹಿಂದಕ್ಕೆ ಕೂರಿಸಿ ಹೊರಡಬೇಕು. ಮುಚ್ಚಿದ ಕಾರಿನ ನಾಲ್ಕು ಕಿಟಕಿ ಇಳಿಸಿದರೂ ಆ ಪರಿಮಳ ಪಕ್ಕದಿಂದ ಬಂದು ಪಕ್ಕಕ್ಕೆ ಹೋಗುತ್ತದೆ. ಸೂರಿಲ್ಲದಿದ್ದರೆ ಬೆಟ್ಟದಿಂದ ಇಳಿದು ಬಂದು ಸುತ್ತ ನಿಲ್ಲುತ್ತದೆ. ಇದಕ್ಕೆ ಬೆಲೆ ಕಟ್ಟುವ ಸೂತ್ರ ಹೆಂಡತಿಯ ಹತ್ತಿರವೂ ಇಲ್ಲ. ಈ ಪ್ರಸ್ತಾಪ ಬಂದಾಗ ಮಾತ್ರ ಅವಳು ಸ್ಕೂಟರಿನ ಮಾತು ಎತ್ತುವುದಿಲ್ಲ.

ಹಾಗಾಗಿ ನನ್ನ ತೀರ್ಮಾನ ಹೀಗಿದೆ. ಬೆಂಗಳೂರು, ಮೈಸೂರು, ಹಾಸನದವರು ಬಟ್ಟೆ ಸೂರಿನ ಗಾಡಿಯನ್ನೇ ಮನೆಯ ಏಕೈಕ ಕಾರಾಗಿ ಇಟ್ಟುಕೊಳ್ಳಬಹುದು, ಒಂದೇ ಷರತ್ತು: ನಿಲ್ಲಿಸಲು ಮೇಲೆ ತಾರಸಿಯಿರುವ ಜಾಗ ಬೇಕು. ಬೀದಿಯಲ್ಲಿ ನಿಲ್ಲಿಸುವುದಾದರೆ ಆಸೆ ಬಿಡುವುದೇ ಮೇಲು. ಬೀದಿಬೆಕ್ಕಿಗೆ ಬಟ್ಟೆಯ ಚಾವಣಿಗಿಂತ ಒಳ್ಳೆಯ ಹಾಸಿಗೆಯಿಲ್ಲ, ಕೋತಿಗೆ ಅದಕ್ಕಿಂತ ಒಳ್ಳೆಯ ಆಟವಿಲ್ಲ. ಹೊಂಗೆ ಮರದ ಹೂವು, ಎಲೆ ಸಂದಿಗಳಲ್ಲಿ ಕೊಳೆಯುತ್ತದೆ. ಮಂಗಳೂರು, ಉಡುಪಿಯವರಿಗೆ ಅದೊಂದೇ ಕಾರು ಬೇಡ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಆರದು, ಒಳಗೆ ಬೂಸ್ಟು ಹಿಡಿಯುತ್ತದೆ. ಕಲಬುರಗಿ, ರಾಯಚೂರಿನವರಿಗೆ ನಾನು ಏನೂ ಹೇಳಬೇಕಾಗಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೆಲಮಾಳಿಗೆ ಇದೆ. ಅತ್ತೆಯವರಿಗೆ ಮುಂದಿನ ಸೀಟು, ಹೆಂಡತಿ ಹಿಂದೆ ಕೂರಲು ಒಪ್ಪಿದ್ದಾಳೆ. ಹೊಸದರ ಬೆಲೆ ಕೇಳಿ ಬಂದ ಮೇಲೆ ಹಳೆಯದನ್ನೇ ನೋಡುತ್ತಿದ್ದೇನೆ.

ನೀವೂ ಹಳೆಯದನ್ನು ನೋಡಲು ಹೋದರೆ ಎಂಜಿನ್ ಶಬ್ದಕ್ಕೆ ಮರುಳಾಗಬೇಡಿ. ಜೋರು ಮಳೆ ಬಂದ ಮರುದಿನ ಹೋಗಿ. ಕಿಟಕಿಯಂಚಿನ ರಬ್ಬರನ್ನು ಚಿವುಟಿ ನೋಡಿ. ಒಣಗಿ ಬಿರಿದಿದ್ದರೆ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬಟ್ಟೆಯ ಮಡಿಕೆಗಳಲ್ಲಿ ಬಿಳಿ ಗೆರೆ ಕಂಡರೆ ಅಲ್ಲೇ ಹರಿಯುವುದೆಂದು ತಿಳಿಯಿರಿ. ಕೊನೆಗೆ ಹಿಂದಿನ ಸೀಟಿನ ಕೆಳಗೆ ಕೈ ಹಾಕಿ ಕಾರ್ಪೆಟ್ ಒತ್ತಿ. ಅಂಗೈ ಒದ್ದೆಯಾದರೆ ಮಾರುವವನು ಏನೇ ಹೇಳಲಿ, ಕಾಫಿ ಕುಡಿದು ಮನೆಗೆ ಬನ್ನಿ.