ಅರಿವೆಯ ವರ್ತಕನ ಅಶ್ವಶಾಲೆ

ವಿರಾಟನ ಲಾಯದಲ್ಲಿ ಗ್ರಂಥಿಕನೆಂಬ ಹೆಸರಿನಿಂದ ಕುದುರೆಗಳನ್ನು ಸಾಕಿದ ನಕುಲನ ಕಥೆಯನ್ನು ಕೇಳಿ ಬೆಳೆದವರಿಗೆ, ಅಶ್ವವಿದ್ಯೆಯು ರಾಜರ ಸೊತ್ತೆಂದು ತೋರುವುದು ಸಹಜ. ಅರಿವೆಯ ವರ್ತಕನೊಬ್ಬನು ಈ ವಿದ್ಯೆಯಲ್ಲಿ ಯುರೋಪಿನ ದೊರೆಮಕ್ಕಳನ್ನೆಲ್ಲ ಹಿಂದಿಕ್ಕಿದನು. ಆತನೇ ಫ್ರಾನ್ಸು ದೇಶದ ಮಾರ್ಸೆಲ್ ಬುಸಾಕ್.

1889ರಲ್ಲಿ ಶಾತೊರೂ ಪಟ್ಟಣದಲ್ಲಿ ಹುಟ್ಟಿದ ಈತನಿಗೆ ತಂದೆಯಿಂದ ಬಂದುದು ಉಡುಪಿನ ವ್ಯಾಪಾರ. ಮೊದಲನೆಯ ಮಹಾಯುದ್ಧವು ಮುಗಿದಾಗ, ವಿಮಾನದ ರೆಕ್ಕೆಗಳಿಗೆಂದು ನೇಯ್ದಿದ್ದ ಬಟ್ಟೆಯು ಯಾರಿಗೂ ಬೇಡವಾಗಿ ರಾಶಿ ಬಿದ್ದಿದ್ದಿತು. ಬುಸಾಕನು ಅದನ್ನು ಕೊಂಡು ಅಂಗಿಗಳನ್ನು ಹೊಲಿಸಿ ಮಾರಿದನು. ಮುಂದೆ ವೋಜ್ ಸೀಮೆಯ ಹತ್ತಿಯ ಗಿರಣಿಗಳು ಆತನ ಕೈಸೇರಿದುವು. 1946ರಲ್ಲಿ ಕ್ರಿಶ್ಚಿಯನ್ ದ್ಯೋರನ ಉಡುಪಿನ ಸಂಸ್ಥೆಗೆ ಬಂಡವಾಳವನ್ನು ಒದಗಿಸಿದವನೂ ಈತನೇ.

ನೂಲುವುದು ಮೊದಲುಗೊಂಡು ಹೊಲಿಯುವುದರ ವರೆಗೆ ಎಲ್ಲವೂ ತನ್ನದೇ ಆಗಿರಬೇಕೆಂಬುದು ಆತನ ಪದ್ಧತಿ. ನಾರ್ಮಂಡಿಯ ಫ್ರೆನೇ-ಲ-ಬುಫಾರಿನಲ್ಲಿದ್ದ ತನ್ನ ಅಶ್ವಶಾಲೆಗೂ ಇದೇ ನಿಯಮವನ್ನು ಅನ್ವಯಿಸಿದನು. ಅಲ್ಲಿನ ಬೀಜದ ಕುದುರೆಗಳಲ್ಲಿ ಮುಖ್ಯವಾದುದು, 1931ರಲ್ಲಿ ಫ್ರೆಂಚ್ ಡರ್ಬಿಯನ್ನು ಗೆದ್ದ ತೂರ್ಬಿಯೋಂ. ಅದರ ಮಗ ಜೆಬೆಲ್ 1942ರಲ್ಲಿ ಆರ್ಕ್ ದ ತ್ರಿಯೋಂಫ್ ಪಂದ್ಯವನ್ನು ಗೆದ್ದಿತು. ಎಸ್ಮೆರಾಲ್ಡಾ ಎಂಬುದು ಅದೇ ತೂರ್ಬಿಯೋಂನ ಮಗಳು. ತಾಯಿ ಬೇರೆ, ತಂದೆ ಒಂದೇ. ಬುಸಾಕನು ಈ ಎರಡನ್ನೂ ಕೂಡಿಸಿದನು! ಸಗೋತ್ರ ಸಪಿಂಡಗಳನ್ನು ವರ್ಜಿಸಿದ ನಮ್ಮ ಧರ್ಮಶಾಸ್ತ್ರಕಾರರು ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಹುಟ್ಟಿದ ಹೆಣ್ಣುಮರಿಗೆ ಕೊರೊನೇಶನ್ ಎಂದು ಹೆಸರಾಯಿತು. 1949ರಲ್ಲಿ ಅದೂ ಆರ್ಕ್ ಪಂದ್ಯವನ್ನು ಗೆದ್ದಿತು. ಮರುವರ್ಷ ಇಂಗ್ಲೆಂಡಿನ ಡರ್ಬಿ, ಓಕ್ಸ್, ಸೇಂಟ್ ಲೆಜರ್ ಮೂರೂ ಬುಸಾಕನ ಕುದುರೆಗಳ ಪಾಲಾದುವು. ಯುದ್ಧಕಾಲದಲ್ಲಿ ಫಾರಿಸ್ ಎಂಬ ಸೋಲರಿಯದ ಕುದುರೆಯನ್ನು ಜರ್ಮನರು ಒಯ್ದಿದ್ದರು. ಎರಡು ಸಲ ಆರ್ಕನ್ನು ಗೆದ್ದ ಕೊರೀಡಾ 1944ರ ನಾರ್ಮಂಡಿ ಕಾಳಗದಲ್ಲಿ ಇಲ್ಲವಾಗಿದ್ದಿತು. ಇಷ್ಟು ನಷ್ಟದ ಮೇಲೂ ಬಂದ ಜಯವಾದುದರಿಂದ ಆತನ ಪದ್ಧತಿಯನ್ನು ಸಂಶಯಿಸುವ ಧೈರ್ಯ ಯಾರಿಗಿದ್ದೀತು?

ಆದರೆ ಒಂದೇ ರಕ್ತವನ್ನು ಮತ್ತೆ ಮತ್ತೆ ಬೆರಸಿದರೆ ಗುಣವು ಇಮ್ಮಡಿಸುವಂತೆ ಅಡಗಿದ್ದ ದೋಷವೂ ಇಮ್ಮಡಿಸುವುದು. ಕೊರೊನೇಶನ್ ಕುದುರೆಯನ್ನು ವರ್ಷವರ್ಷವೂ ಬೀಜದ ಕುದುರೆಗಳ ಬಳಿಗೆ ಒಯ್ದರು. ಜೀವವಿರುವ ಮರಿಯೊಂದೂ ಹುಟ್ಟಲಿಲ್ಲ. ಲಾಯದ ಕೀರ್ತಿಯು ಮೆಲ್ಲಮೆಲ್ಲನೆ ಕುಗ್ಗಿತು.

ಗಿರಣಿಗಳ ಗತಿಯೂ ಭಿನ್ನವಾಗಲಿಲ್ಲ. ವಸಾಹತುಗಳ ಮಾರುಕಟ್ಟೆಯು ತಪ್ಪಿತು, ಕೃತಕ ನೂಲು ಬಂದಿತು. ಮುದುಕನಾದ ಒಡೆಯನು ಹತ್ತಿಯನ್ನೂ ಬಿಡಲಿಲ್ಲ, ಅಧಿಕಾರವನ್ನೂ ಬಿಡಲಿಲ್ಲ. 1978ರಲ್ಲಿ ಸಂಸ್ಥೆಯು ದಿವಾಳಿಯೆದ್ದಿತು. ವಿಚಿತ್ರವೆಂದರೆ, ಅದೇ ವರ್ಷ ಆತನು ಬೆಳೆಸಿದ ಅಕಾಮಾಸ್ ಎಂಬ ಕುದುರೆಯು ಫ್ರೆಂಚ್ ಡರ್ಬಿಯನ್ನು ಗೆದ್ದಿತು. ಅದರ ತಾಯಿ ಲಿಕಾಟಾ ಮನೆಯದು. ತಂದೆ ಮಿಲ್ ರೀಫ್ ಮಾತ್ರ ಅಮೆರಿಕದಲ್ಲಿ ಹುಟ್ಟಿದ ಹೊರಗಿನ ಕುದುರೆ.

ಕುದುರೆಗಳನ್ನು ಆಗಾಖಾನನು ಕೊಂಡನು. ಅಶ್ವಶಾಲೆಯು ನಿಯಾರ್ಕೋಸ್ ಎಂಬ ಗ್ರೀಕ್ ಹಡಗುಗಳ ಒಡೆಯನಿಗೆ ಹೋಯಿತು. ಬುಸಾಕನು 1980ರಲ್ಲಿ ತೀರಿಕೊಂಡನು. ಎರಡು ವರ್ಷಗಳ ತರುವಾಯ ಲಿಕಾಟಾಳ ಮಗಳು ಅಕಿಯ್ದಾ ಆರ್ಕ್ ಪಂದ್ಯವನ್ನು ಗೆದ್ದಿತು. ಸವಾರನು ತೊಟ್ಟಿದ್ದುದು ಬುಸಾಕನ ಕಿತ್ತಳೆಬಣ್ಣದ ಅಂಗಿಯನ್ನಲ್ಲ, ಆಗಾಖಾನನ ಹಸುರು ಅಂಗಿಯನ್ನು.